ಕೌದಿಗೆ ನಾಲ್ಕು ಅಂಕ

ಸಹಕಾರನಗರ, ಬೆಂಗಳೂರು
೧೪ ಫೆಬ್ರವರಿ ೨೦೧೬, ಭಾನುವಾರ

ಪ್ರೀತಿಯ ರವಿಕಿರಣನಿಗೆ,

ನಿನ್ನ ಅಪ್ಪನ ತುಂಬು ಮನಸ್ಸಿನ ಆಶೀರ್ವಾದ. ನಾನು, ನಿನ್ನ ಅವ್ವ, ತಂಗಿ ಐಶು ಮೂವರೂ ಇಲ್ಲಿ ಆರಾಮಾಗಿದ್ದೇವೆ. ಮುಂಬಯಿಯಲ್ಲಿ ನಿನ್ನ ಊಟ, ನಿದ್ದೆ, ಆ ಹಳೆಯ ಕೆಮ್ಮು ಹೇಗಿವೆ ಎಂದು ಬರೆ. ನಿನ್ನ ಪತ್ರ ಸಂಕ್ರಾಂತಿಗೆ ಮುಂಚೆಯೇ ಕೈಸೇರಿತ್ತು. ಉತ್ತರ ಇಷ್ಟು ತಡವಾಯಿತೆಂದು ಬೇಸರ ಮಾಡಿಕೊಳ್ಳಬೇಡ. ಬರೆಯಲು ಕುಳಿತು ಹಾಳೆ ಹರಿದುಹಾಕಿದ್ದೂ ಉಂಟು. ಫೋನಿನಲ್ಲಿ ಹೇಳಿಬಿಡಬಹುದಿತ್ತು, ಆದರೆ ಫೋನು ಹಿಡಿದರೆ ನಾನು ಅರ್ಧ ಮಾತು ನುಂಗುತ್ತೇನೆ, ನೀನು ಉಳಿದರ್ಧಕ್ಕೆ ಉತ್ತರ ಕೊಟ್ಟುಬಿಡುತ್ತೀ. ಪತ್ರದಲ್ಲಾದರೆ ನಾನು ಮುಗಿಸುವತನಕ ನೀನು ಸುಮ್ಮನಿರಲೇಬೇಕು.

ನೀನು ಕೇಳಿದ್ದು ಇಷ್ಟೇ: "ಅಪ್ಪ, ನಾನು ಹತ್ತಕ್ಕೆ ನಾಲ್ಕು ಅಂಕ ಕೊಟ್ಟ ಆಟವನ್ನು ಜನ ಯಾಕೆ ಹೀಗೆ ಮುಗಿಬಿದ್ದು ಕೊಳ್ಳುತ್ತಿದ್ದಾರೆ? ಐಶು ಸರಿಯಾಗಿ ಉತ್ತರ ಕೊಡುವುದಿಲ್ಲ. ನೀವು ಹತ್ತಿರದಿಂದ ನೋಡಿದವರು, ನೀವೇ ಹೇಳಿ." ಯಲಹಂಕದ ಕಾಲೇಜಿನ ಕಚೇರಿಯಲ್ಲಿ ಜೀವನವಿಡೀ ಬೇರೆಯವರ ಅಂಕಪಟ್ಟಿ ಬರೆದವನು ನಾನು. ವಿಡಿಯೋ ಗೇಮಿನ ಅಂಕದ ಬಗ್ಗೆ ಒಂದು ದಿನ ನನ್ನ ಮಗ ನನ್ನನ್ನೇ ಕೇಳುತ್ತಾನೆ ಎಂದುಕೊಂಡಿರಲಿಲ್ಲ. ಕೇಳಿದ್ದೀ, ಹೇಳುತ್ತೇನೆ. ನಡೆದದ್ದನ್ನು ನಡೆದ ಹಾಗೆ.

ಮೊದಲು ಒಂದು ಮಾತು. ನಿನ್ನ ವಿಮರ್ಶೆಯ ಬಗ್ಗೆ ನನಗೆ ಸಿಟ್ಟಿಲ್ಲ. "ಇದು ನನ್ನ ತಂಗಿ ಮಾಡಿದ ಆಟ" ಎಂದು ಮೊದಲ ಸಾಲಿನಲ್ಲೇ ಓದುಗರಿಗೆ ತಿಳಿಸಿ, ಆಮೇಲೆ ನಾಲ್ಕು ಅಂಕ ಕೊಟ್ಟವನು ನೀನು. ತಂಗಿಯೆಂದು ಎಂಟು ಕೊಟ್ಟಿದ್ದರೆ ಯಾರೂ ನಿನ್ನನ್ನು ಕೇಳುತ್ತಿರಲಿಲ್ಲ. ಅದು ಅಚ್ಚಾದ ನಿಮ್ಮ ಇಂಗ್ಲಿಷ್ ಪತ್ರಿಕೆಯನ್ನು ನಾನು ಯಶವಂತಪುರದ ವೀರಬಸಪ್ಪನವರಿಗೂ ತೋರಿಸಿದೆ. ನಾವು ಅಲ್ಲಿ ಬಾಡಿಗೆಗಿದ್ದಾಗ ನಿಮ್ಮಿಬ್ಬರನ್ನೂ ಎತ್ತಿ ಆಡಿಸಿದವರು ಅವರು. ಅವರು ಕನ್ನಡಕ ಹಾಕಿಕೊಂಡು ಓದಿ, "ಹುಡುಗ ಮುಲಾಜು ಇಟ್ಟುಕೊಂಡಿಲ್ಲ ಬಿಡ್ರಿ" ಎಂದರು. ನನಗೆ ಒಳಗೊಳಗೇ ಹೆಮ್ಮೆಯಾಯಿತು.

ಈ ಆಟ ಹೇಗೆ ಹುಟ್ಟಿತು ಎಂಬುದು ನಿನಗೆ ಗೊತ್ತಿಲ್ಲ. ಗೊತ್ತಾಗಬಾರದೆಂದು ಐಶುವೇ ನನ್ನ ಬಾಯಿ ಕಟ್ಟಿದ್ದಳು. ಈಗ ನೀನೇ ಕೇಳಿರುವುದರಿಂದ ಹೇಳಲು ಒಪ್ಪಿದ್ದಾಳೆ.

ನಿನ್ನ ಅವ್ವನಿಗೆ ಪಾರ್ಶ್ವವಾಯು ಹೊಡೆದ ವರ್ಷ ನೀನು ಬಂದು ಒಂದಿಷ್ಟು ದಿನ ಇದ್ದು ಹೋದೆಯಲ್ಲ, ಅದರ ನಂತರದ ಮಾತು. ಅವಳಿಗೆ ನಡಿಗೆ ತಕ್ಕಮಟ್ಟಿಗೆ ಬಂತು, ಮಾತು ಬಂತು, ಬಲಗೈ ಮಾತ್ರ ಬರಲಿಲ್ಲ. ನರಗುಂದದಿಂದ ಬರುವಾಗ ಅವಳು ತಂದ ಕಬ್ಬಿಣದ ಟ್ರಂಕು ನಿನಗೆ ನೆನಪಿರಬೇಕು. ಹಳೆಯ ಇಳಕಲ್ ಸೀರೆಯ ಸೆರಗು, ಖಣದ ಕುಪ್ಪಸದ ತುಂಡು, ನನ್ನ ಹರಿದ ಧೋತರ, ನಿಮ್ಮ ಶಾಲೆಯ ಅಂಗಿ, ಎಲ್ಲವನ್ನೂ ಅದರಲ್ಲಿ ಕೂಡಿಡುತ್ತಿದ್ದಳು. ಯಾರ ಮನೆಯಲ್ಲಿ ಮಗು ಹುಟ್ಟಿದರೂ ಆ ತುಂಡುಗಳನ್ನು ಕೂಡಿಸಿ ಹೊದೆಯಲು ಒಂದು ಕೌದಿ ಹೊಲಿದು ಕೊಡುವುದು ಅವಳ ಪದ್ಧತಿ. ಬಲಗೈ ಹೋದ ಮೇಲೆ ಒಂದು ದಿನ ಟ್ರಂಕನ್ನು ಮಂಚದ ಕೆಳಗೆ ತಳ್ಳಲು ಹೇಳಿದಳು. "ಕಣ್ಣಿಗೆ ಬೀಳದಂಗ ಇಡ್ರಿ" ಎಂದಳು.

ಐಶು ಅದನ್ನು ಎಳೆದು ತೆಗೆದಳು. ಒಂದೊಂದೇ ತುಂಡನ್ನು ಕಿಟಕಿಯ ಬೆಳಕಿನಲ್ಲಿ ಹಾಸಿ ಫೋಟೋ ಹಿಡಿದಳು. ಆಗ ಅವಳು ಹೆಬ್ಬಾಳದ ಕಂಪನಿಯಲ್ಲಿ ಯಾವುದೋ ವಿದೇಶಿ ಆಟಕ್ಕೆ ಬಂದೂಕು, ಹೊಗೆ, ಸ್ಫೋಟ ಮಾಡಿಕೊಡುವ ಕೆಲಸದಲ್ಲಿದ್ದಳು. ಮನೆಗೆ ಬಂದ ಮೇಲೆ ಕುಳಿತು, ಆ ಬಟ್ಟೆಯ ತುಂಡುಗಳನ್ನು ಫೋನಿನ ಪರದೆಯ ಮೇಲೆ ಎಡಗೈಯ ಒಂದೇ ಬೆರಳಿನಿಂದ ಸರಿಸಿ ಕೂಡಿಸುವ ಹಾಗೆ ಮಾಡಿದಳು. ತುಂಡು ತನ್ನ ಜಾಗಕ್ಕೆ ಕೂತರೆ ಅದರ ಸುತ್ತ ಹೊಲಿಗೆ ತಾನೇ ಓಡುತ್ತದೆ. ಕೌದಿ ತುಂಬಿದರೆ ಮಡಚಿಕೊಂಡು ಟ್ರಂಕಿನೊಳಗೆ ಹೋಗುತ್ತದೆ. ಅದನ್ನು ಅವ್ವನ ಕೈಗೆ ಕೊಟ್ಟಾಗ ಅವಳು ಮೊದಲು ಬೈದಳು. "ಇದರಾಗ ಅರಿವಿ ಎಲ್ಲೈತಿ? ಬರೇ ಗಾಜು" ಎಂದಳು. ಆಮೇಲೆ ಬೆರಳಿಟ್ಟಳು. ನನ್ನ ಚಹಾ ಆರಿಹೋಯಿತು, ಅವಳು ತಲೆ ಎತ್ತಲಿಲ್ಲ. ಕೊನೆಗೆ, "ಏ ಐಶು, ಈ ಹಸಿರು ಕೆಂಪಿನ ಮಗ್ಗಲಿಗೆ ಬರಬಾರದವಾ, ಕಣ್ಣಿಗೆ ಚುಚ್ಚತೈತಿ. ನಡುವ ಒಂದ್ ಬಿಳಿ ಹಾಕು" ಎಂದಳು. ಅವತ್ತು ಐಶು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟು ಬಹಳ ಹೊತ್ತು ಮುಖ ತೊಳೆದಳು.

ಅದೇ ಆಟ, "ಕೌದಿ." ಅವಳು ಕೆಲಸ ಬಿಟ್ಟು, ಗೆಳತಿ ಪದ್ಮಶ್ರೀಯನ್ನು ಕೂಡಿಕೊಂಡು, ಕೊಡಿಗೇಹಳ್ಳಿಯಲ್ಲಿ ಸ್ಟೇಷನರಿ ಅಂಗಡಿಯ ಮೇಲಿನ ಕೋಣೆ ಹಿಡಿದದ್ದು ನಿನಗೆ ಗೊತ್ತು. ಪದ್ಮಶ್ರೀ ಯಲಹಂಕದ ಹುಡುಗಿ, ಚಿತ್ರ ಬರೆಯುವ ಕೈ ಅವಳದು. ನಿಮ್ಮ ಪತ್ರಿಕೆಗೆ ಆಟ ಕಳಿಸುವಾಗ ನಾನು ಐಶುವಿಗೆ ಹೇಳಿದೆ, "ಅಣ್ಣಗ ಅವ್ವನ ವಿಷಯ ಒಂದ್ ಸಾಲು ಬರಿ." ಅವಳು ಒಪ್ಪಲಿಲ್ಲ. "ಬ್ಯಾಡಪಾ. ಅಣ್ಣ ಆಟ ನೋಡ್ಲಿ. ಅವ್ವನ್ನ ನೋಡಿ ಅಂಕ ಕೊಡೋದು ಬ್ಯಾಡ." ನನ್ನ ಇಬ್ಬರು ಮಕ್ಕಳೂ ಒಂದೇ ಜಾತಿಯ ಹಟಮಾರಿಗಳು.

ನಿನ್ನ ವಿಮರ್ಶೆ ಬಂತು. ಬೆನ್ನಿಗೇ ಇನ್ನೂ ಕೆಲವು ಬಂದವು. ಒಬ್ಬರು ಇದನ್ನು ಆಟವೆಂದೇ ಕರೆಯಲಾಗದು ಎಂದರು. ಇನ್ನೊಬ್ಬರು ಗೋಡೆಗೆ ಅಂಟಿಸುವ ಚಿತ್ರ ಎಂದರು. ಎದುರಾಳಿ ಇಲ್ಲ, ಸೋಲಿಲ್ಲ, ಗಡಿಯಾರವಿಲ್ಲ, ಕಷ್ಟವೇ ಇಲ್ಲ ಎಂಬುದು ಎಲ್ಲರ ದೂರು. ಆಗ ಒಂದು ಕಂಪನಿಯವರು ಈ ಆಟವನ್ನು ಮಾರುಕಟ್ಟೆಗೆ ತರುವುದಾಗಿ ಒಪ್ಪಿಕೊಂಡಿದ್ದರು. ವಿಮರ್ಶೆಗಳನ್ನು ಓದಿ ಅವರು ಆ ಕೋಣೆಗೆ ಬಂದ ದಿನ ನಾನೂ ಅಲ್ಲಿದ್ದೆ, ಹುಡುಗಿಯರಿಗೆ ಊಟದ ಡಬ್ಬಿ ಕೊಡಲು ಹೋಗಿದ್ದೆ. ಮೂಲೆಯ ಸ್ಟೂಲಿನ ಮೇಲೆ ಕುಳಿತು ಎಲ್ಲವನ್ನೂ ಕೇಳಿದೆ.

ಬಂದವರಲ್ಲಿ ಹಿರಿಯ ಹೇಳಿದ, "ಮೇಡಂ, ರಿವ್ಯೂ ನೋಡಿದ್ರಲ್ಲ? ಎಲ್ರೂ ಒಂದೇ ಮಾತು ಹೇಳ್ತಿದಾರೆ, ಚಾಲೆಂಜ್ ಇಲ್ಲ ಅಂತ. ಒಂದು ಟೈಮರ್ ಹಾಕಿ. ಮೂರು ಸಲ ತಪ್ಪು ತುಂಡು ಇಟ್ರೆ ಔಟ್ ಮಾಡಿ. ಮತ್ತೆ ಆಡ್ಬೇಕಾ, ದುಡ್ಡು ಕೊಡ್ಲಿ."

ಐಶು ಹೇಳಿದಳು, "ತಪ್ಪು ತುಂಡು ಅಂತ ಇದ್ರಲ್ಲಿ ಇಲ್ಲ ಸರ್. ಈಗ ಕೂರ್ಲಿಲ್ಲ ಅಂದ್ರೆ ಪಕ್ಕಕ್ಕಿಟ್ಟು ಆಮೇಲೆ ಕೂರಿಸ್ತಾರೆ. ಔಟ್ ಮಾಡೋಕೆ ಏನಾಗಿದೆ?"

"ಕೇಳೋಕೆ ಚೆನ್ನಾಗಿದೆ ಮೇಡಂ. ಮಾರೋಕಾಗಲ್ಲ."

"ಹಾಗಾದ್ರೆ ಬಿಡಿ ಸರ್, ನಾವೇ ಮಾರ್ಕೋತೀವಿ."

ಅವರು ಕಾಫಿಯನ್ನು ಅರ್ಧಕ್ಕೆ ಬಿಟ್ಟು ಎದ್ದರು. ಮೆಟ್ಟಿಲಿನ ಮೇಲೆ ಅವರ ಬೂಟಿನ ಸದ್ದು ನಿಂತಿತು. ಆಮೇಲೆ ಪದ್ಮಶ್ರೀ ತಲೆಯ ಮೇಲೆ ಕೈಯಿಟ್ಟುಕೊಂಡು, "ಏನೇ ಹೇಳ್ಬಿಟ್ಟೆ! ಎಲ್ಲಿ ಮಾರ್ತೀಯೇ ನೀನು?" ಎಂದಳು.

"ಗೊತ್ತಿಲ್ಲ ಕಣೇ. ಬಾಯಿಗೆ ಬಂತು, ಹೇಳ್ಬಿಟ್ಟೆ."

ಇಬ್ಬರೂ ಒಂದು ಕ್ಷಣ ಒಬ್ಬರನ್ನೊಬ್ಬರು ನೋಡಿ ನಗಲು ಶುರುಮಾಡಿದರು. ಎಷ್ಟು ನಕ್ಕರೆಂದರೆ ನನಗೆ ಹೆದರಿಕೆಯಾಯಿತು. ನಾನು ಡಬ್ಬಿ ಬಿಚ್ಚಿ ರೊಟ್ಟಿ, ಝುಣಕ ಮುಂದಿಟ್ಟೆ. ಅವತ್ತು ನನಗೆ ನನ್ನ ಮಗಳು ಬೇರೆಯೇ ಯಾರೋ ಆಗಿ ಕಂಡಳು, ರವಿ. ನಾನು ಕಚೇರಿಯಲ್ಲಿ ಯಾರಿಗೂ ಎದುರಾಡಿದವನಲ್ಲ. ಮೇಲಿನವರು ಹೇಳಿದರೆ ಆಯಿತು ಸಾರ್ ಎಂದೇ ಹೇಳಿಕೊಂಡು ಬಂದವನು. ಇವಳಿಗೆ ಆ "ಬಿಡಿ ಸರ್" ಎಲ್ಲಿಂದ ಬಂತೋ!

ಆದರೆ ಆಮೇಲಿನ ದಿನಗಳು ಸುಲಭವಾಗಿರಲಿಲ್ಲ. ಶ್ರಾವಣದಲ್ಲಿ ತಾವೇ ಆಟವನ್ನು ಬಿಡುಗಡೆ ಮಾಡಿದರು. ಮೊದಲ ಕೆಲವು ಕೌದಿ ಬಿಟ್ಟಿ, ಉಳಿದವು ಬೇಕಾದರೆ ಒಂದು ಸಣ್ಣ ಬೆಲೆ. ಪರಿಚಯದವರು ಹಾಕಿಕೊಂಡರು, ಚೆನ್ನಾಗಿದೆ ಎಂದರು, ಸುಮ್ಮನಾದರು. ಗಣಪತಿ ಹಬ್ಬ ಹೋಯಿತು. ಬಾಡಿಗೆ ಹೊಂದಿಸಲು ಐಶು ಒಂದು ಕಾಲೇಜಿನ ಲ್ಯಾಬಿನಲ್ಲಿ ಅರ್ಧ ದಿನ ಪಾಠಕ್ಕೆ ಹೋದಳು. ಪದ್ಮಶ್ರೀಯ ಮನೆಯಲ್ಲಿ, "ಬೇರೆ ಕಡೆ ಸೇರ್ಕೋ, ಇಲ್ಲ ಮದುವೆಗೆ ಒಪ್ಕೋ" ಎಂದು ಕೂತರು. ದಸರಾವರೆಗೂ ಸಮಯ ಕೊಡಿ ಎಂದು ಅವಳು ಬೇಡಿಕೊಂಡಳು. ಆ ದಿನಗಳಲ್ಲಿ ಐಶು ಒಮ್ಮೆ ನನ್ನನ್ನು ಕೇಳಿದಳು, "ಅಪ್ಪಾ, ಅಣ್ಣ ಹೇಳಿದ್ದ ಖರೆ ಇರಬಹುದಲ್ಲಾ?" "ಇರಬಹುದವಾ" ಎಂದೆ. ಸುಳ್ಳು ಸಮಾಧಾನ ಹೇಳಲಿಲ್ಲವೆಂದು ಆಮೇಲೆ ಅವಳೇ ನನಗೆ ಥ್ಯಾಂಕ್ಸ್ ಹೇಳಿದಳು.

ಕರೆಂಟು ಹೋಯಿತು. ಉಳಿದದ್ದನ್ನು ನಾಳೆ ಬರೆಯುತ್ತೇನೆ.

ಸೋಮವಾರ, ಬೆಳಿಗ್ಗೆ

ಹಾಲು ತಂದು, ಪೇಪರು ಓದಿ, ಮತ್ತೆ ಕುಳಿತಿದ್ದೇನೆ. ಎಲ್ಲಿಗೆ ನಿಲ್ಲಿಸಿದ್ದೆ? ದಸರೆ.

ದಸರಾ ಹತ್ತಿರ ಬಂದಾಗ ಆಟದ ಕೆಳಗೆ ಅಭಿಪ್ರಾಯ ಬರೆಯುವ ಜಾಗದಲ್ಲಿ ಒಂದು ಬರಹ ಬಂತು. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ. ಐಶು ಅದನ್ನು ನನಗೆ ಓದಿ ಹೇಳಿದಳು: "ನನ್ನ ಹೆಸರು ರೆಹಾನಾ. ಹೆಬ್ಬಾಳದ ಹತ್ರ ಆಸ್ಪತ್ರೇಲಿ ನರ್ಸ್. ಐಸಿಯು ಹೊರಗೆ ಕಾಯ್ತಾ ಕೂತಿರೋರಿಗೆ ನನ್ನ ಫೋನಲ್ಲಿ ಈ ಆಟ ಹಾಕಿ ಕೊಡ್ತೀನಿ. ಮೊನ್ನೆ ಒಬ್ರು ತಾಯಿ ಇಡೀ ದಿನ ಗೋಡೆ ನೋಡ್ತಾ ಕೂತಿದ್ರು, ನೀರೂ ಕುಡಿದಿರ್ಲಿಲ್ಲ. ಒಂದು ಕೌದಿ ಮುಗ್ಸಿ ನನ್ನ ಹತ್ರ ಬಂದು, ಸಿಸ್ಟರ್ ಸ್ವಲ್ಪ ನೀರು ಕೊಡ್ತೀರಾ ಅಂದ್ರು. ಇದ್ರಲ್ಲಿ ಸೋಲು ಇಟ್ಟಿಲ್ವಲ್ಲ, ತುಂಬಾ ಒಳ್ಳೇದು ಮಾಡಿದ್ರಿ. ಅಲ್ಲಿ ಕೂತಿರೋರಿಗೆ ಇನ್ನೊಂದು ಸೋಲು ಬೇಡ." ಐಶು ಅದನ್ನು ಪದ್ಮಶ್ರೀಗೆ ಫೋನಿನಲ್ಲಿ ಓದತೊಡಗಿದಳು, ಮುಗಿಸಲಾಗಲಿಲ್ಲ. ಉಳಿದ ಸಾಲನ್ನು ನಾನು ಓದಿದೆ, ನನ್ನ ಹರಕು ಇಂಗ್ಲಿಷ್ ಅಕ್ಷರಜ್ಞಾನದಲ್ಲಿ.

ಆ ಒಂದು ಬರಹದಿಂದಲೇ ಎಲ್ಲ ಆಯಿತೆಂದು ಹೇಳಲಾರೆ. ಆದರೆ ರೆಹಾನಾ ತನ್ನ ಜೊತೆಯ ನರ್ಸುಗಳಿಗೆ ಹೇಳಿದಳು. ಅವರು ತಮ್ಮ ಅಕ್ಕತಂಗಿಯರಿಗೆ ಹೇಳಿದರು. ಕೇರಳದಿಂದ, ಮಣಿಪುರದಿಂದ ಬಂದ ನರ್ಸುಗಳು ತಮ್ಮ ಊರಿಗೆ ಕಳಿಸಿದರು. ದೀಪಾವಳಿ ಹೊತ್ತಿಗೆ ಎಲ್ಲೆಲ್ಲಿಂದಲೋ ಬರಹ ಬರತೊಡಗಿತು. ಕೂಸಿಗೆ ಹಾಲು ಕೊಡುತ್ತಾ ಒಂದೇ ಕೈಯಲ್ಲಿ ಆಡುತ್ತೇನೆ ಎಂದು ಒಬ್ಬಳು. ಸಿಗರೇಟು ಬಿಡಲು ಆಡುತ್ತಿದ್ದೇನೆ ಎಂದು ಒಬ್ಬ ಲಾರಿ ಚಾಲಕ. ಪರೀಕ್ಷೆಗೆ ಓದಿ ತಲೆ ಬಿಸಿಯಾದಾಗ ಎಂದು ಕಾಲೇಜಿನ ಹುಡುಗರು. ಬಿಟ್ಟಿ ಕೌದಿ ಮುಗಿದ ಮೇಲೆ ಇವರೆಲ್ಲ ಬೆಲೆ ಕೊಟ್ಟು ಮುಂದಿನವನ್ನು ಕೊಂಡರು. ಹೆಚ್ಚು ಮಾರಾಟವಾದ ಆಟಗಳ ಪಟ್ಟಿಯಲ್ಲಿ ಅದು ಮೇಲೆ ಏರಿದ್ದನ್ನು ನೀನೂ ನೋಡಿದ್ದೀ, ಅದಕ್ಕೇ ಪತ್ರ ಬರೆದೆ. ಪದ್ಮಶ್ರೀಯ ಮನೆಯವರು ಮದುವೆಯ ಮಾತು ಬಿಟ್ಟರು. ಅವಳ ಅಪ್ಪ ಈಗ ಸಿಕ್ಕವರಿಗೆಲ್ಲ "ನಮ್ ಹುಡ್ಗಿ ಡ್ರಾಯಿಂಗು" ಎಂದು ಫೋನು ತೋರಿಸುತ್ತಾರಂತೆ.

ನನಗೆ ನಂಬಿಕೆ ಬಂದದ್ದು ಮಾತ್ರ ಪಟ್ಟಿಯಿಂದಲ್ಲ. ಒಂದು ದಿನ ಹೆಬ್ಬಾಳದಲ್ಲಿ ಯಶವಂತಪುರದ ಬಸ್ಸು ಹತ್ತಿದೆ. ನನ್ನ ಮುಂದಿನ ಸೀಟಿನಲ್ಲಿ ಒಬ್ಬ ಹೆಣ್ಣುಮಗಳು, ಕಾರ್ಖಾನೆಯ ಗುರುತಿನ ಚೀಟಿ ಕೊರಳಿಗೆ ಹಾಕಿಕೊಂಡವಳು, ಫೋನಿನ ಮೇಲೆ ಬೆರಳು ಸರಿಸುತ್ತಿದ್ದಳು. ಬಗ್ಗಿ ನೋಡಿದರೆ ನಮ್ಮ ಮನೆಯ ಬಟ್ಟೆ! ನಿನ್ನ ಶಾಲೆಯ ಮೂರನೆಯ ಇಯತ್ತೆಯ ನೀಲಿ ಅಂಗಿಯ ತುಂಡು, ಅದರ ಪಕ್ಕದಲ್ಲಿ ಅವ್ವನ ಮದುವೆಯ ಸೀರೆಯ ಸೆರಗು. ನಾನು ನೋಡುತ್ತಲೇ ಇದ್ದೆ. ಅವಳು ತಿರುಗಿ, "ಏನ್ರೀ ಹಂಗ್ ನೋಡ್ತೀರಾ?" ಎಂದು ಗದರಿದಳು.

"ಅದು ನನ್ನ ಮಗಳು ಮಾಡಿದ್ದಮ್ಮ" ಎಂದೆ.

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ನನ್ನ ಚೀಲ, ನನ್ನ ಚಪ್ಪಲಿ. ನಂಬಲಿಲ್ಲ. ನೀಲಿ ಅಂಗಿ ನನ್ನ ಮಗನದು, ಜೇಬಿನ ಹತ್ತಿರ ಶಾಯಿಯ ಕಲೆ ಇದೆ ನೋಡು ಎಂದೆ. ಅವಳು ಬೆರಳಿನಿಂದ ಹಿಗ್ಗಿಸಿ ನೋಡಿದಳು. ಕಲೆ ಇತ್ತು.

"ಅಯ್ಯೋ ದೇವ್ರೇ, ಹೌದಲ್ರೀ! ಹಂಗಾದ್ರೆ ನಿಮ್ ಮಗಳಿಗೆ ಒಂದ್ ಮಾತು ಹೇಳಿ. ಆ ಅಂಚಿನ ತ್ರಿಕೋನ ತುಂಬಾ ಸಣ್ಣದಾಯ್ತು, ಬಸ್ ಕುಲುಕಿದ್ರೆ ಕೈಗೇ ಸಿಗಲ್ಲ."

ಮನೆಗೆ ಬಂದು ಹೇಳಿದೆ. ಐಶು ತ್ರಿಕೋನ ದೊಡ್ಡದು ಮಾಡಿದಳು. ಅವತ್ತು ನಾನು ಇಳಿಯಬೇಕಾದ ಸ್ಟಾಪು ದಾಟಿ ಎಲ್ಲಿಗೋ ಹೋಗಿದ್ದೆ. ವಾಪಸ್ಸು ನಡೆದುಕೊಂಡೇ ಬಂದೆ. ಕಾಲು ನೆಲದ ಮೇಲಿರಲಿಲ್ಲ.

ನಿನಗೆ ಅನ್ಯಾಯವಾಗಬಾರದೆಂದು ಒಂದು ಕೆಲಸ ಮಾಡಿದೆ. ನೀನು ಒಂಬತ್ತು ಅಂಕ ಕೊಟ್ಟಿದ್ದೆಯಲ್ಲ, ಆ ಕತ್ತಿಯ ಆಟ, ಕೋಟೆಯೊಳಗೆ ನುಗ್ಗುವುದು, ಅದನ್ನು ಐಶುವಿನ ಕಂಪ್ಯೂಟರಿನಲ್ಲಿ ಆಡಿದೆ. ಹೆಜ್ಜೆ ಇಡುವ ಮೊದಲೇ ಸತ್ತೆ. ಮತ್ತೆ ಆಡಿದೆ, ಮತ್ತೆ ಸತ್ತೆ. ಐಶು ಪಕ್ಕದಲ್ಲಿ ಕುಳಿತು ನಕ್ಕೂ ನಕ್ಕೂ ಸಾಕಾದಳು. ಬಿಡಲಿಲ್ಲ ನಾನು. ಬಹಳ ದಿನ ಹೆಣಗಿ ಮೊದಲನೆಯ ಬಾಗಿಲು ದಾಟಿದಾಗ ಕುರ್ಚಿಯಿಂದ ಎದ್ದು ನಿಂತು ಚಪ್ಪಾಳೆ ತಟ್ಟಿದೆ. ಆಗ ನನಗೆ ಅರ್ಥವಾಯಿತು, ನೀನು ಹುಡುಗನಾಗಿದ್ದಾಗಿನಿಂದ ಯಾಕೆ ಇಂಥ ಆಟಗಳ ಮುಂದೆ ಹಾಗೆ ಕೂರುತ್ತಿದ್ದೆ ಎಂದು. ಬೀಳಿಸಿ ಬೀಳಿಸಿ ಎಬ್ಬಿಸುವ ಆಟ ಅದು. ಒಂಬತ್ತು ಅಂಕ ಸರಿಯಾಗಿಯೇ ಇದೆ.

ಆದರೆ ರವಿ, ಆ ಬಾಗಿಲು ದಾಟಲು ನನಗೆ ಪಿಂಚಣಿ ಇತ್ತು, ಹಗಲಿತ್ತು, ಪಕ್ಕದಲ್ಲಿ ಮಗಳಿದ್ದಳು. ಬಸ್ಸಿನ ಆ ಹೆಣ್ಣುಮಗಳಿಗೆ ಹೆಬ್ಬಾಳದಿಂದ ಯಶವಂತಪುರದ ತನಕದ ದಾರಿಯಷ್ಟೇ ಇತ್ತು. ನಿನ್ನ ಪ್ರಶ್ನೆಗೆ ನನಗೆ ಹೊಳೆದ ಉತ್ತರ ಇಷ್ಟೇ. ವಿಮರ್ಶೆ ಬರೆಯುವ ನೀವು ಆಟವನ್ನು ಎದುರಿಗಿಟ್ಟುಕೊಂಡು ನೋಡುತ್ತೀರಿ. ಆಡುವವರು ತಮಗೆ ಸಿಕ್ಕಿರುವ ಹೊತ್ತನ್ನು ನೋಡಿಕೊಂಡು, ಅದಕ್ಕೆ ಹೊಂದುವ ಆಟವನ್ನು ಕೊಳ್ಳುತ್ತಾರೆ. ಇದು ಸರಿಯೋ ತಪ್ಪೋ ನೀನೇ ಹೇಳಬೇಕು, ಕಲಿತವನು ನೀನು.

ಈಗ ಉದ್ಯಾನದ ವಿಷಯ. ಇದನ್ನು ಬರೆಯಲೆಂದೇ ಇಷ್ಟು ಹಾಳೆ ಖರ್ಚು ಮಾಡಿದ್ದು.

ಆಡುವವರಲ್ಲಿ ಅನೇಕರು ನಿಜವಾದ ಕೌದಿಯನ್ನು ಕಂಡೇ ಇರಲಿಲ್ಲ. ತೋರಿಸಿ ಎಂದು ಕೇಳುತ್ತಿದ್ದರು. ಸಂಕ್ರಾಂತಿ ಕಳೆದ ಮೇಲಿನ ಭಾನುವಾರ ಸಹಕಾರನಗರದ ಉದ್ಯಾನಕ್ಕೆ ಬನ್ನಿ, ಮನೆಯಿಂದ ಒಂದು ಹಳೆಯ ಬಟ್ಟೆಯ ತುಂಡು ತನ್ನಿ ಎಂದು ಐಶು ಆಟದೊಳಗೇ ಒಂದು ಸೂಚನೆ ಹಾಕಿದಳು. ನಾಲ್ಕೈದು ಜನ ಬಂದರೆ ಹೆಚ್ಚು ಎಂದುಕೊಂಡು ಒಂದೇ ಜಮಖಾನೆ ಒಯ್ದಿದ್ದೆವು. ಬಿಸಿಲೇರುವ ಹೊತ್ತಿಗೆ ಅಕ್ಕಪಕ್ಕದ ಮನೆಗಳಿಂದ ಚಾಪೆ ಬೇಡಿ ತರಬೇಕಾಯಿತು. ಕಾಲೇಜು ಹುಡುಗಿಯರು, ಮಕ್ಕಳನ್ನು ಎತ್ತಿಕೊಂಡ ತಾಯಂದಿರು, ಸಮವಸ್ತ್ರದಲ್ಲೇ ಬಂದ ಒಬ್ಬ ಬಸ್ ಕಂಡಕ್ಟರು. ರೆಹಾನಾ ಡ್ಯೂಟಿ ಮುಗಿಸಿ ನೇರವಾಗಿ ಬಂದಳು, ಅವಳ ಅಮ್ಮನ ಹಳೆಯ ದುಪಟ್ಟಾದ ತುಂಡು ತಂದಿದ್ದಳು. ಪದ್ಮಶ್ರೀಯ ಅಜ್ಜಿ ದೊಡ್ಡಮುನಿಯಮ್ಮ ಬಾಗಲೂರಿನಿಂದ ಆಟೋದಲ್ಲಿ ಬಂದಿಳಿದರು, ಕಂಕುಳಲ್ಲಿ ಒಂದು ಗಂಟು ಬಟ್ಟೆ.

ನಿನ್ನ ಅವ್ವ ಕುರ್ಚಿಯಲ್ಲಿ ಕುಳಿತಿದ್ದಳು, ಹಸಿರು ಇಳಕಲ್ ಸೀರೆ ಉಟ್ಟು. ಅವಳು ಎಡಗೈ ಚಾಚಿ ತೋರಿಸುವುದು, ಇವರು ಹಾಸುವುದು. "ಅದನ್ನ ಮೂಲಿಗೆ ಒಯ್ಯವಾ. ಹಾಂ, ಈಗ ಚೆಂದ ಕಾಣತೈತಿ." ದೊಡ್ಡಮುನಿಯಮ್ಮ ನೆಲದ ಮೇಲೆ ಕುಳಿತು, "ಇಂಗೆ ಮಡಗ್ಲಾ ಸಿವಲಿಂಗಮ್ಮ? ಇಂಗೆ?" ಎಂದು ಅವ್ವನನ್ನು ಕೇಳಿಕೊಂಡು ಹೊಲಿಗೆ ಹಾಕಿದರು. ಒಬ್ಬರ ಭಾಷೆ ಒಬ್ಬರಿಗೆ ಅರ್ಧ ತಿಳಿಯದೆ ಇಬ್ಬರೂ ಚೆನ್ನಾಗಿ ಜಗಳವಾಡಿದರು. ಕಂಡಕ್ಟರಿಗೆ ಸೂಜಿಗೆ ದಾರ ಪೋಣಿಸಲು ಬರುತ್ತಿರಲಿಲ್ಲ, ಹುಡುಗಿಯರು ಕಲಿಸಿದರು.

ಅಲ್ಲಿ ಶಿವರಾಮ್ ಎಂಬ ಹುಡುಗನೂ ಬಂದಿದ್ದ. ನಿನ್ನ ಹಾಗೆಯೇ ಆಟಗಳ ಬಗ್ಗೆ ಬರೆಯುವವನು, ನಿನಗೆ ಪರಿಚಯವಿದೆಯಂತೆ. ಆಟಕ್ಕೆ ಅವನು ಐದು ಅಂಕ ಕೊಟ್ಟಿದ್ದನಂತೆ. ಬಹಳ ಹೊತ್ತು ಮರದ ಕೆಳಗೆ ನಿಂತು ನೋಡಿ ಆಮೇಲೆ ಐಶುವಿನ ಹತ್ತಿರ ಬಂದ.

"ಒಂದ್ ಮಾತು ಹೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ಇವತ್ತು ಮತ್ತೆ ಬರೆದ್ರೂ ನಾನು ಐದೇ ಕೊಡೋದು."

"ಕೊಡಿ ಸರ್. ಅದಕ್ಕೇನಂತೆ."

"ಆದ್ರೆ ನಮ್ಮಮ್ಮನ ಫೋನಿಗೆ ನಾನೇ ಹಾಕಿಕೊಟ್ಟಿದೀನಿ. ನಾನು ಒಂಬತ್ತು ಕೊಟ್ಟಿದ್ದು ಒಂದನ್ನೂ ಹಾಕಿಕೊಟ್ಟಿಲ್ಲ." ಹೇಳಿ ತಾನೇ ನಕ್ಕ. ಜೇಬಿನಿಂದ ಒಂದು ಕರವಸ್ತ್ರ ತೆಗೆದು ಅವ್ವನ ಕೈಗೆ ಕೊಟ್ಟ. ಅದೂ ಕೌದಿಯಲ್ಲಿ ಸೇರಿತು.

ಹಿಂದೆ ಬಂದಿದ್ದ ಆ ಕಂಪನಿಯವರೂ ಈಗ ಫೋನು ಮಾಡಿದ್ದರು. ಟೈಮರಿನ ಮಾತೇ ಇಲ್ಲ, ನಿಮ್ಮಿಷ್ಟದಂತೆಯೇ ಇರಲಿ ಎಂದರಂತೆ. ಐಶು ಮರ್ಯಾದೆಯಿಂದಲೇ ಬೇಡವೆಂದಳು. ಇಬ್ಬರೂ ಸೇರಿ ಇನ್ನೊಂದು ಆಟ ಶುರುಮಾಡಿದ್ದಾರೆ. ಏನೆಂದು ನಾನು ಹೇಳಕೂಡದಂತೆ. ಅದನ್ನೂ ನಿನಗೇ ಮೊದಲು ಕಳಿಸುವುದಾಗಿ ಹೇಳಿದ್ದಾಳೆ. ಅಂಕಕ್ಕೆ ಹೆದರುವ ಹುಡುಗಿಯಲ್ಲ ಅವಳು.

ಸಂಜೆಯೊಳಗೆ ಕೌದಿ ಮುಗಿಯಿತು. ಅದನ್ನು ರೆಹಾನಾಳ ಆಸ್ಪತ್ರೆಗೆ ಕೊಟ್ಟೆವು, ಐಸಿಯು ಹೊರಗಿನ ಬೆಂಚಿಗೆ. ಅಲ್ಲಿ ಏಸಿ ಜಾಸ್ತಿಯಂತೆ, ಕಾಯುವವರಿಗೆ ಚಳಿಯಾಗುತ್ತದಂತೆ. ಹೊರಡುವಾಗ ಎಲ್ಲರೂ ನಿನ್ನ ಅವ್ವನ ಕಾಲು ಮುಟ್ಟಿದರು. ನಿನ್ನ ವಿಮರ್ಶೆಯ ನಂತರ ಐಶು ಒಂದು ಸಾಲು ಸೇರಿಸಿದಳು, ಈಗ ಆಟ ತೆರೆದ ಕೂಡಲೇ "ಬಣ್ಣ ಕೂಡಿಸಿದವರು: ಶಿವಲಿಂಗವ್ವ" ಎಂದು ಬರುತ್ತದಲ್ಲ, ಆ ಶಿವಲಿಂಗವ್ವ ಇವರೇನಾ ಎಂದು ಕೇಳಿ ಕೇಳಿ ಫೋಟೋ ತೆಗೆಸಿಕೊಂಡರು. ಐಶು ದೂರ ನಿಂತು ಚಾಪೆ ಸುತ್ತುತ್ತಿದ್ದಳು. ಅವಳ ಫೋಟೋ ಯಾರೂ ಕೇಳಲಿಲ್ಲ, ಅವಳಿಗದು ಬೇಕಾಗಿಯೂ ಇರಲಿಲ್ಲ. ನಾನು ಮಾತ್ರ ಅವಳನ್ನೇ ನೋಡುತ್ತಿದ್ದೆ. ಇಂಥ ಒಂದು ದಿನ ನೋಡಲು ನಾನೇನು ಪುಣ್ಯ ಮಾಡಿದ್ದೆನೋ ಎನ್ನಿಸಿತು. ಈ ಹುಡುಗಿ ನನ್ನ ಮಗಳು, ಮುಲಾಜಿಲ್ಲದೆ ಬರೆಯುವ ಆ ಹುಡುಗ ನನ್ನ ಮಗ.

ಇನ್ನು ನಿಲ್ಲಿಸುತ್ತೇನೆ. ಮನಸ್ಸಿಗೆ ಕಂಡದ್ದನ್ನು ಕಂಡ ಹಾಗೆ ಬರೆಯುವ ಧೈರ್ಯ ನಿನ್ನ ಕೈಗೆ ಯಾವತ್ತೂ ಇರಲಿ. ಹೊತ್ತಿಗೆ ಸರಿಯಾಗಿ ಉಣ್ಣು, ಕಣ್ಣಿಗೆ ವಿಶ್ರಾಂತಿ ಕೊಡು. ದೇವರು ನಿನ್ನನ್ನು ತಣ್ಣಗಿಟ್ಟಿರಲಿ.

ನಿನ್ನ ಅಪ್ಪ,
ಶಿವಪ್ಪ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ನಿನ್ನ ವಿಮರ್ಶೆಯ ಕೊನೆಯ ಸಾಲು ನಿನಗೆ ನೆನಪಿದೆಯೋ ಇಲ್ಲವೋ. "ಇಡೀ ದಿನ ಮಾಡಲು ಬೇರೆ ಕೆಲಸವಿಲ್ಲದವರಿಗೆ ಇಷ್ಟು ಸಾಕು" ಎಂದು ಬರೆದಿದ್ದೆ. ಪತ್ರಿಕೆ ಬಂದ ದಿನ ಪದ್ಮಶ್ರೀ ನಮ್ಮ ಮನೆಯಲ್ಲಿ ಅದನ್ನು ಕನ್ನಡ ಮಾಡಿ ಜೋರಾಗಿ ಓದಿದಳು. ಅವ್ವ ಬಾಗಿಲ ಹಿಂದೆ ನಿಂತಿದ್ದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಅವತ್ತಿನಿಂದ ಅವಳು ಆ ಆಟವನ್ನು ಮುಟ್ಟಿಲ್ಲ. ಉದ್ಯಾನದಲ್ಲಿ ಎಷ್ಟೋ ಜನ ಫೋನು ಮುಂದೆ ಹಿಡಿದು ಒಂದು ತುಂಡು ಕೂಡಿಸಿ ತೋರಿಸಿ ಎಂದರು. ಕಣ್ಣಿಗೆ ಬಿಸಿಲು ಎಂದು ಕೈ ಹಿಂದೆಳೆದುಕೊಂಡಳು. ಅವಳ ಸಲುವಾಗಿ ಮಾಡಿದ ಆಟವನ್ನು ಈಗ ಅವಳೊಬ್ಬಳೇ ಆಡುವುದಿಲ್ಲ. ಮನೆಯಲ್ಲಿ ಎಡಗೈಯೊಂದರಿಂದಲೇ ಬೆಳ್ಳುಳ್ಳಿ ಸುಲಿಯುತ್ತಾ ಕೂರುತ್ತಾಳೆ, ಬೇಕಿರಲಿ ಬೇಡವಿರಲಿ. ನೀನು ಪ್ರತಿ ವಾರ ಫೋನು ಮಾಡಿದಾಗ ಮೊದಲು ಕೇಳುವುದು, "ಅವ್ವಾ, ಏನ್ ಮಾಡಾಕತ್ತೀ?" ಎಂದು. ಪ್ರೀತಿಯಿಂದಲೇ ಕೇಳುತ್ತೀ, ನನಗೆ ಗೊತ್ತು. ನಿನ್ನ ಫೋನು ಬಡಿದುಕೊಂಡ ಕೂಡಲೇ ಅವಳು, "ಆ ಬುಟ್ಟಿ ಕೊಡ್ರಿ ಇಲ್ಲೆ" ಎನ್ನುತ್ತಾಳೆ. ನಾನು ಬೆಳ್ಳುಳ್ಳಿ ಬುಟ್ಟಿಯನ್ನು ಅವಳ ತೊಡೆಯ ಮೇಲೆ ಇಟ್ಟ ಮೇಲೆಯೇ ಫೋನು ತೆಗೆಯುತ್ತಾಳೆ. ಬರುವ ಭಾನುವಾರ ಬೇರೆ ಏನಾದರೂ ಕೇಳಪ್ಪ.